ಹದಿನೇಳನೆಯ ಗುಳಿ

ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನ ಗಾಲ್ಫ್ ಮೈದಾನದ ಹದಿನೇಳನೆಯ ಹೋಲನ್ನು ನಾನು ನೂರಾರು ಸಲ ಆಡಿದ್ದೇನೆ. ಆಡಿದ್ದೆಲ್ಲ ಗಜೇಂದ್ರಗಡದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಮೊಬೈಲಿನಲ್ಲಿ. ರೋಣದಿಂದ ನನ್ನ ಸೋದರಳಿಯ, ನರಗುಂದದಿಂದ ಅವನ ಗೆಳೆಯ ಅದೇ ಆಟಕ್ಕೆ ಬಂದು ಕೂಡಿಕೊಳ್ಳುತ್ತಾರೆ. ಆಟದ ಹೆಸರು ಡಬ್ಲ್ಯೂಜಿಟಿ. ನಮ್ಮ ಮೂರೂ ಊರುಗಳಲ್ಲಿ ಗಾಲ್ಫ್ ಮೈದಾನವಿಲ್ಲ, ಮೂವರಲ್ಲಿ ಒಬ್ಬರೂ ನಿಜವಾದ ಗಾಲ್ಫ್ ಕೋಲು ಹಿಡಿದವರಲ್ಲ. ಆದರೂ ಆ ಒಂದು ಹೋಲಿನ ಸಲುವಾಗಿ ರಾತ್ರಿ ಹನ್ನೊಂದರವರೆಗೂ ಫೋನಿನಲ್ಲಿ ವಾದ ನಡೆಯುತ್ತದೆ. ಒಂದು ಹೋಲು ಕಷ್ಟ ಎಂದರೇನು, ಅದು ಒಳ್ಳೆಯ ಕಷ್ಟವೋ ಕೆಟ್ಟ ಕಷ್ಟವೋ ಎಂದು ಯೋಚಿಸಲು ನನ್ನನ್ನು ಹಚ್ಚಿದ್ದು ಆ ವಾದಗಳೇ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೊದಲ ಹೊಡೆತದ ಜಾಗ ಟೀ, ಅಲ್ಲಿಂದ ಗುಳಿಯವರೆಗಿನ ಹಾದಿ ಒಂದು ಹೋಲು, ಗುಳಿಯ ಸುತ್ತಲಿನ ನುಣುಪು ಹುಲ್ಲು ಗ್ರೀನ್. ನುರಿತವನು ಇಷ್ಟು ಹೊಡೆತದಲ್ಲಿ ಚೆಂಡನ್ನು ಗುಳಿಗೆ ಹಾಕಬೇಕು ಎಂದು ಪ್ರತಿ ಹೋಲಿಗೂ ಒಂದು ಲೆಕ್ಕವಿದೆ, ಅದು ಪಾರ್. ಒಂದು ಹೊಡೆತ ಉಳಿಸಿದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. 1890ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಒಳ್ಳೆಯ ಆಟಗಾರ ಮುಟ್ಟಬೇಕಾದ ಲೆಕ್ಕಕ್ಕೇ ಬೋಗಿ ಅನ್ನುತ್ತಿದ್ದರು. ಚೆಂಡು, ಕೋಲು ಸುಧಾರಿಸಿದ ಹಾಗೆ ಪಾರ್ ಬಿಗಿಯಾಯಿತು, ಬೋಗಿ ಒಂದು ಮೆಟ್ಟಿಲು ಇಳಿದು ತಪ್ಪಿನ ಹೆಸರಾಯಿತು. ಈ ಹಳೆಯ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಹದಿನೇಳನೆಯ ಹೋಲು ಬೇಗ ಅರ್ಥವಾಗುತ್ತದೆ: ಅಲ್ಲಿ ಬೋಗಿಯೂ ಒಳ್ಳೆಯ ಲೆಕ್ಕವೇ.

ಅದನ್ನು ರೋಡ್ ಹೋಲ್ ಎಂದು ಕರೆಯುತ್ತಾರೆ. ಪಾರ್ ನಾಲ್ಕು. 2010ರ ಓಪನ್ ಎಂಬ ದೊಡ್ಡ ಗಾಲ್ಫ್ ಪಂದ್ಯಕ್ಕೆಂದು ಟೀಯನ್ನು ಹಿಂದಕ್ಕೆ ಸರಿಸಿ 455 ಗಜವಿದ್ದುದನ್ನು 495 ಗಜ ಮಾಡಿದರು. ಟೀ ಮೇಲೆ ನಿಂತವನಿಗೆ ಹುಲ್ಲುಹಾದಿ ಸರಿಯಾಗಿ ಕಾಣುವುದಿಲ್ಲ. ಬಲಗಡೆ ಒಂದು ಕಾಲಕ್ಕೆ ರೈಲ್ವೆಯ ಶೆಡ್ಡುಗಳಿದ್ದವು. ಈಗ ಅದೇ ಆಕಾರದ ಕಟ್ಟಡವಿದೆ, ಅದರ ಪಕ್ಕಕ್ಕೇ ಹೋಟೆಲು. ಆ ಶೆಡ್ಡಿನ ಮೇಲೆ ಹಾಯಿಸಿ ಹೊಡೆಯುವ ಧೈರ್ಯ ಮಾಡಿದವನಿಗೆ ಮುಂದಿನ ಹೊಡೆತಕ್ಕೆ ದಾರಿ ತೆರೆದಿರುತ್ತದೆ. ತುಸು ಹೆಚ್ಚು ಬಲಕ್ಕೆ ಸರಿದರೆ ಚೆಂಡು ಗಡಿಯಾಚೆ, ಲೆಕ್ಕಕ್ಕೆ ದಂಡ. ಅಂಜಿ ಎಡಕ್ಕೆ ಹೊಡೆದವನಿಗೆ ಹುಲ್ಲೇನೋ ಸಿಗುತ್ತದೆ, ಆದರೆ ಅವನಿಗೂ ಗುಳಿಗೂ ನಡುವೆ ಆಳವಾದ ಮರಳಿನ ಹೊಂಡವೊಂದು ಬಾಯಿ ತೆರೆದು ಕೂತಿರುತ್ತದೆ. ಗ್ರೀನ್ ಅಡ್ಡಡ್ಡ ಚಾಚಿಕೊಂಡ ಕಿರಿದಾದ ದಿಬ್ಬ. ಅದರ ಆಚೆ ಬದಿಗೆ ರಸ್ತೆ, ರಸ್ತೆಯಾಚೆ ಕಲ್ಲಿನ ಗೋಡೆ. ಚೆಂಡು ರಸ್ತೆಗೆ ಬಿದ್ದರೆ ರಸ್ತೆಯ ಮೇಲಿಂದಲೇ ಹೊಡೆಯಬೇಕು.

1978ರ ಓಪನ್‌ನಲ್ಲಿ ಜಪಾನಿನ ಟಾಮಿ ನಕಾಜಿಮಾ ಎರಡೇ ಹೊಡೆತದಲ್ಲಿ ಗ್ರೀನ್ ಮುಟ್ಟಿದ್ದ. ಅಲ್ಲಿಂದ ಮೆಲ್ಲಗೆ ತಳ್ಳಿದ ಚೆಂಡು ಇಳಿಜಾರಿಗೆ ಸಿಕ್ಕಿ ಉರುಳಿ ಆ ಹೊಂಡಕ್ಕೆ ಬಿತ್ತು. ಹೊರಗೆ ಬರುವಷ್ಟರಲ್ಲಿ ಲೆಕ್ಕ ಒಂಬತ್ತಾಗಿತ್ತು. 1984ರಲ್ಲಿ ಟಾಮ್ ವಾಟ್ಸನ್ ಮೊದಲ ಹೊಡೆತವನ್ನು ಸರಿಯಾದ ಬಲಬದಿಗೇ ಇಟ್ಟ. ಎರಡನೆಯದಕ್ಕೆ ಬಲ ಹೆಚ್ಚಾಯಿತು, ಚೆಂಡು ರಸ್ತೆ ದಾಟಿ ಗೋಡೆಯ ಬುಡ ಸೇರಿತು. ಮೊದಲ ಮೂರೂ ದಿನ ಅದೇ ಹೋಲಿನಲ್ಲಿ ಬೋಗಿ ಮಾಡಿದ್ದ ಸೆವೆ ಬ್ಯಾಲೆಸ್ಟೆರೋಸ್ ಕೊನೆಯ ದಿನ ನಾಲ್ಕರಲ್ಲಿ ಮುಗಿಸಿದ, ಕಪ್ಪನ್ನೂ ಗೆದ್ದ. ಈ ಹೋಲಿನಲ್ಲಿ ಸೋತವನು ತಾನು ಎಲ್ಲಿ ಸೋತೆ ಎಂದು ಬೆರಳು ಮಾಡಿ ತೋರಿಸಬಲ್ಲ. ಒಳ್ಳೆಯ ಕಷ್ಟಕ್ಕೆ ನಾನು ಹಚ್ಚುವ ಒರೆಗಲ್ಲು ಇದೇ. ಹೊಡೆಯುವ ಮೊದಲು ಎರಡು ದಾರಿ ಕಾಣಬೇಕು, ಎರಡಕ್ಕೂ ಬೆಲೆ ಗೊತ್ತಿರಬೇಕು, ಸೋತ ಮೇಲೆ ಕಾರಣ ತಿಳಿಯಬೇಕು.

ಡಬ್ಲ್ಯೂಜಿಟಿ ಈ ಒರೆಗಲ್ಲಿಗೆ ಅರ್ಧ ನಿಲ್ಲುತ್ತದೆ. ಮೈದಾನದ ಮೂಲೆಮೂಲೆಯನ್ನು ಸಾವಿರಾರು ಫೋಟೋ ತೆಗೆದು, ಅವುಗಳ ಮೇಲೆ ಚೆಂಡಿನ ಓಟವನ್ನು ಕೂಡಿಸಿ ಕಟ್ಟಿದ ಆಟ ಇದು. ಹೋಟೆಲಿನ ಕಿಟಕಿ, ಗೋಡೆಯ ಕಲ್ಲು, ಮೋಡ ಕವಿದ ಬೆಳಕು ಎಲ್ಲ ಅಲ್ಲಿಯದೇ. ಮೊದಲ ಸಲ ನೋಡಿದಾಗ ನನಗೆ ಖುಷಿಯಿಂದ ಗಂಟಲು ಕಟ್ಟಿತ್ತು. ನೋಡುತ್ತೇನೆ ಅಂದುಕೊಳ್ಳದಿದ್ದ ಜಾಗವೊಂದು ಅಂಗೈಗೆ ಬಂದಿತ್ತು. ಆದರೆ ಫೋಟೋದ ಜೊತೆಗೆ ಮೇಲಿನಿಂದ ನೋಡುವ ನಕಾಶೆಯನ್ನೂ ಆಟ ಕೈಗೆ ಕೊಡುತ್ತದೆ. ಅಲ್ಲಿ ಹುಲ್ಲುಹಾದಿ ಪೂರ್ತಿ ಕಾಣುತ್ತದೆ. ಶೆಡ್ಡಿನಾಚೆ ಏನಿದೆಯೋ ಎಂಬ ಅಳುಕು, ಆ ಹೋಲಿನ ಜೀವಾಳ, ಒಂದು ಬೆರಳೊತ್ತಿಗೆ ಕರಗಿಹೋಗುತ್ತದೆ. ಈ ಒಂದು ಹೋಲಿಗಾದರೂ ನಕಾಶೆ ಮುಚ್ಚಿಡಬೇಕಿತ್ತು.

ಇನ್ನೊಂದು ಕೊರತೆ ಪಾದಕ್ಕೆ ಸಂಬಂಧಿಸಿದ್ದು. ಗ್ರೀನ್ ಎತ್ತ ವಾಲಿದೆ ಎಂಬುದನ್ನು ತೆರೆಯ ಮೇಲೆ ಹರಿಯುವ ಚುಕ್ಕಿಗಳು ಹೇಳುತ್ತವೆ. ಚುಕ್ಕಿ ಜೋರಾಗಿ ಓಡಿದರೆ ಇಳಿಜಾರು ಹೆಚ್ಚು. ಇದು ಓದುವ ವಿದ್ಯೆ, ಕಲಿಯಬಹುದು. ಆದರೆ ಸಣ್ಣವನಿದ್ದಾಗ ಗೋಲಿ ಆಡಿದ ಯಾರಿಗಾದರೂ ಗೊತ್ತು, ನೆಲ ಮೊದಲು ಪಾದಕ್ಕೆ ತಿಳಿಯುತ್ತದೆ. ರೋಣದ ಎರೆ ನೆಲದಲ್ಲಿ ಬೇಸಿಗೆಗೆ ಬಿರುಕು ಬಿಡುತ್ತದೆ. ಗೋಲಿ ಗುಳಿಯತ್ತ ಹೊರಟು ಬಿರುಕಿನ ಪಾಲಾಗುತ್ತದೆ. ನಮ್ಮ ಗುಡ್ಡದ ಕೆಳಗಿನ ಮಸಾರಿ ನೆಲದಲ್ಲಿ ಹರಳು ತಾಗಿ ಅಡ್ಡ ಹಾರುತ್ತದೆ. ರಜೆಗೆ ರೋಣಕ್ಕೆ ಹೋದಾಗ ಮೊದಲ ಎರಡು ದಿನ ನಾನು ಸೋಲುತ್ತಿದ್ದೆ, ಮೂರನೆಯ ದಿನಕ್ಕೆ ಬರಿಗಾಲು ಆ ನೆಲವನ್ನು ಕಲಿತಿರುತ್ತಿತ್ತು. ಮೊಬೈಲಿನಲ್ಲಿ ನಾವು ನಡೆಯುವುದಿಲ್ಲ. ಒಂದು ಫೋಟೋದಿಂದ ಇನ್ನೊಂದು ಫೋಟೋಕ್ಕೆ ಹಾರುತ್ತೇವೆ.

ಗಾಳಿಯ ವಿಷಯದಲ್ಲಿ ಮಾತ್ರ ಆಟ ನನ್ನ ಮನಸ್ಸು ಗೆದ್ದಿದೆ. ಒಂದು ಬಾಣ, ಪಕ್ಕದಲ್ಲಿ ಒಂದು ಅಂಕಿ, ಅಷ್ಟೇ. ಆ ಅಂಕಿಯನ್ನು ಹೊಡೆತಕ್ಕೆ ಹೊಂದಿಸುವ ಕೆಲಸ ಪೂರ್ತಿ ಆಡುವವನದು. ಎದುರುಗಾಳಿ ಎಷ್ಟು ಗಜ ತಿನ್ನುತ್ತದೆ, ಅಡ್ಡಗಾಳಿ ಎತ್ತರದ ಚೆಂಡನ್ನು ಎಷ್ಟು ಒಯ್ಯುತ್ತದೆ, ತಗ್ಗಿಸಿ ಹೊಡೆದರೆ ಎಷ್ಟು ಉಳಿಯುತ್ತದೆ ಎಂಬುದನ್ನು ಆಡಿ ಆಡಿ ತಿಳಿಯಬೇಕು. ಕಣದಲ್ಲಿ ರಾಶಿ ತೂರುವಾಗ ನನ್ನ ಅಜ್ಜ ಮೊದಲು ಒಂದು ಹಿಡಿ ಹೊಟ್ಟು ಹಾರಿಸಿ ನೋಡುತ್ತಿದ್ದ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಗೂ ಮುಂಚಿನ ಎಚ್ಚರ ಅದು. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿದವರು ಹುಡುಕಿಕೊಂಡು ಬಂದದ್ದೂ ಇದೇ ಗಾಳಿಯನ್ನು. ಆಷಾಢದಲ್ಲಿ ಕಟ್ಟೆಯ ಮೇಲೆ ಕೂತು ಅಡ್ಡಗಾಳಿಗೆ ಲೆಕ್ಕ ಹಾಕುವಾಗ ನನ್ನ ಮುಖಕ್ಕೂ ಗಾಳಿ ಬಡಿಯುತ್ತಿರುತ್ತದೆ. ಆಗ ಆಟ ನನಗೆ ಪರದೇಶದ್ದು ಅನ್ನಿಸುವುದಿಲ್ಲ.

ಡಬ್ಲ್ಯೂಜಿಟಿಯಲ್ಲಿ ಬೇರೆ ಕಷ್ಟದ ಹೋಲುಗಳೂ ಉಂಟು. ಪೆಬಲ್ ಬೀಚ್‌ನ ಎಂಟನೆಯದರಲ್ಲಿ ಎರಡನೆಯ ಹೊಡೆತ ಸಮುದ್ರದ ಕೊರಕಲನ್ನು ದಾಟಬೇಕು. ನೋಡಲು ಅದಕ್ಕಿಂತ ಚೆಲುವಾದ ಭಯ ಇಲ್ಲ, ಆದರೆ ಹತ್ತು ಸಲ ಆಡಿದ ಮೇಲೆ ಅದು ಒಂದೇ ಅಳತೆಯ ಹೊಡೆತ. ನ್ಯೂಯಾರ್ಕಿನ ಬೆತ್‌ಪೇಜ್ ಬ್ಲ್ಯಾಕ್ ಸರ್ಕಾರಿ ಉದ್ಯಾನದ ಮೈದಾನ. ಇದು ಬಹಳ ಕಠಿಣ, ನುರಿತವರಷ್ಟೇ ಆಡಿ ಎಂದು ಮೊದಲ ಟೀಯ ಹತ್ತಿರವೇ ಫಲಕ ಹಾಕಿದ್ದಾರೆ. ಅದರ ಹದಿನೈದನೆಯದು ಉದ್ದ, ಕೊನೆಗೆ ಏರು. ಅಲ್ಲಿ ಬೇಕಾದದ್ದು ರಟ್ಟೆಬಲ, ಆಯ್ಕೆ ಕಡಿಮೆ. ಫ್ಲಾರಿಡಾದ ಸಾಗ್ರಾಸ್ ಮೈದಾನ ಬೇರೆ ಆಟಗಳಲ್ಲಿ, ಪಿಜಿಎ ಟೂರ್ 2ಕೆ ಸರಣಿಯಲ್ಲಿ ಸಿಗುತ್ತದೆ. ಅದರ ಹದಿನೇಳನೆಯದು 137 ಗಜದ ಪಾರ್ ಮೂರು, ಸುತ್ತಲೂ ನೀರು. ಪೀಟ್ ಡೈ ಮೈದಾನ ಕಟ್ಟುವಾಗ ಅಲ್ಲಿಂದ ಮರಳು ಅಗೆದು ಬೇರೆಡೆ ಬಳಸಿದ್ದರಿಂದ ದೊಡ್ಡ ಹೊಂಡ ಉಳಿದಿತ್ತು. ಹೆಂಡತಿ ಅಲಿಸ್ ಡೈ ಕೊಟ್ಟ ಸಲಹೆಯಂತೆ ಆ ಹೊಂಡವೇ ಕೆರೆಯಾಯಿತು. 2005ರಲ್ಲಿ ಬಾಬ್ ಟ್ವೇ ಅಲ್ಲಿ ಹನ್ನೆರಡು ಹೊಡೆದ. ಜಗತ್ತು ಅದನ್ನು ಬಹಳ ಹೊಗಳುತ್ತದೆ, ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಹಿಂಜರಿಯಲು ಜಾಗವಿಲ್ಲ, ಅಂಜಿದವನಿಗೂ ಧೈರ್ಯವಂತನಿಗೂ ದಾರಿ ಒಂದೇ. ನರಗುಂದದ ಹುಡುಗನಿಗೆ ಅದರ ಮೇಲೆ ಬೇರೆಯೇ ಸಿಟ್ಟು. 1980ರಲ್ಲಿ ಮಲಪ್ರಭೆಯ ನೀರಿನ ಕರದ ವಿರುದ್ಧ ರೈತರು ಎದ್ದ ಊರು ಅವನದು; ಅಷ್ಟು ನೀರು ಬರೀ ಅಂಜಿಸಲಿಕ್ಕೆ ನಿಂತಿದ್ದನ್ನು ಅವನಿಗೆ ನೋಡಲಾಗುವುದಿಲ್ಲ. ಸೇಂಟ್ ಆಂಡ್ರ್ಯೂಸ್‌ನದು ಸಮುದ್ರದಂಡೆಯ ಮರಳು ನೆಲ, ಅಲ್ಲಿನ ಗಾಳಿ, ಊರಿನ ರಸ್ತೆ. ಕಷ್ಟವನ್ನು ಹೊರಗಿನಿಂದ ತಂದು ಸುರಿದದ್ದಲ್ಲ.

ಆನ್‌ಲೈನ್ ಆಟಗಳು ನಿಜಕ್ಕೂ ಕೆಡುವುದು ದುಡ್ಡಿನ ಹತ್ತಿರ. ಡಬ್ಲ್ಯೂಜಿಟಿಯಲ್ಲಿ ಬಲ ತುಂಬುವಾಗ ಒಂದು ಗೆರೆ ಓಡುತ್ತದೆ, ಅದು ಗುರುತಿನ ಮೇಲೆ ಬಂದ ಕ್ಷಣಕ್ಕೆ ಬೆರಳು ಒತ್ತಬೇಕು. ದುಡ್ಡು ಕೊಟ್ಟು ಕೊಳ್ಳುವ ಕೆಲವು ಚೆಂಡುಗಳಿಂದ ಆ ಗೆರೆ ನಿಧಾನವಾಗುತ್ತದೆ. ಅಂದರೆ ಕೈಯ ಹದವನ್ನೇ ಅಂಗಡಿಯಲ್ಲಿ ಇಟ್ಟು ಮಾರಿದಂತಾಯಿತು. ಹೊಂಡ, ರಸ್ತೆ, ಗೋಡೆ ಎಲ್ಲರಿಗೂ ಒಂದೇ ಆಗಿರುವಾಗ ಗೆರೆ ಮಾತ್ರ ಉಳ್ಳವನಿಗೆ ಸಾವಕಾಶ ಓಡುತ್ತದೆ. 2017ರಲ್ಲಿ ಬಂದ ಗಾಲ್ಫ್ ಕ್ಲ್ಯಾಶ್ ಇನ್ನೂ ಮುಂದೆ ಹೋಯಿತು. ಪೆಟ್ಟಿಗೆ ತೆರೆದು ಚೀಟಿ ಕೂಡಿಸಿ ಕೋಲನ್ನು ಬಲಪಡಿಸಿಕೊಂಡವನಿಗೆ ಹೋಲೇ ಗಿಡ್ಡವಾಗುತ್ತದೆ. ಅಲ್ಲಿ ಪಾರ್ ಎಂಬ ಮಾತಿಗೆ ಅರ್ಥವೇ ಉಳಿದಿಲ್ಲ. ಪಾರ್ ಎಲ್ಲರಿಗೂ ಒಂದೇ ಇದ್ದಾಗಲಷ್ಟೇ ಅದು ಅಳತೆ.

ಬಲ ಕೊಳ್ಳದೆಯೂ ಆಡುವ ದಾರಿಯನ್ನು ನಾನು ಕಂಡದ್ದು ಬೇರೆ ಕಡೆ. 2021ರ ಆಗಸ್ಟ್ 7ರ ಬೆಳಗ್ಗೆ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಕೊನೆಯ ಸುತ್ತು ಆಡುತ್ತಿದ್ದಳು. ನಮ್ಮ ಓಣಿಯಲ್ಲಿ ಗಾಲ್ಫಿನ ಹೆಸರೂ ಕೇಳದವರು ಟೀವಿ ಮುಂದೆ ಕೂತಿದ್ದರು. ಒಂದೇ ಹೊಡೆತದಿಂದ ಪದಕ ತಪ್ಪಿತು, ನಾಲ್ಕನೆಯ ಸ್ಥಾನ. ದೂರ ಹೊಡೆಯುವುದರಲ್ಲಿ ಅವಳು ಆ ಪಂದ್ಯದ ತೀರಾ ಹಿಂದಿನ ಸಾಲಿನಲ್ಲಿದ್ದಳು. ಹಾಗಿದ್ದೂ ಅಲ್ಲಿಯವರೆಗೆ ಮುಟ್ಟಿದ್ದು ಗುಳಿಯ ಹತ್ತಿರದ ಆಟದಿಂದ, ಚೆಂಡನ್ನು ಮೆಲ್ಲಗೆ ತಳ್ಳುವ ಆ ಕೈಯಿಂದ. ಬಲ ಕಡಿಮೆ ಇರುವವನು ರೋಡ್ ಹೋಲಿನಲ್ಲಿ ಏನು ಮಾಡಬೇಕು ಎಂಬುದನ್ನು ನಾನು ಕಲಿತದ್ದು ಆ ಬೆಳಗ್ಗೆಯೇ.

ಎರಡನೆಯ ಹೊಡೆತಕ್ಕೆ ಗ್ರೀನಿನ ಆಸೆ ಬಿಡಬೇಕು. ಬಲಮುಂದೆ, ಹೊಂಡದಿಂದ ದೂರ, ಬರೀ ಹುಲ್ಲಿರುವಲ್ಲಿ ಚೆಂಡನ್ನು ಇಡಬೇಕು. ಅಲ್ಲಿಂದ ದಿಬ್ಬ ಹತ್ತಿಸಿ ತಳ್ಳಿದರೆ ಗುಳಿಯ ಹತ್ತಿರ ನಿಲ್ಲುತ್ತದೆ. ಮುಂದಿನ ಹೊಡೆತಕ್ಕೇ ಬಿದ್ದರೆ ನಾಲ್ಕು, ಬೀಳದಿದ್ದರೆ ಐದು. ನನ್ನ ಅಳಿಯನಿಗೆ ಇದು ಬಹಳ ದಿನ ಸೇರಲಿಲ್ಲ. ಅವನು ನೇರ ಗ್ರೀನಿಗೇ ಹೊಡೆದು ಏಳು, ಎಂಟು ಮಾಡಿಕೊಳ್ಳುತ್ತಿದ್ದ. ಕಳೆದ ಶ್ರಾವಣದಲ್ಲಿ ಒಂದು ರಾತ್ರಿ ಅವನಿಂದ ಫೋನು ಬಂತು.

"ಮಾಮಾ, ಗೋಡಿ ಕಡೆ ನೋಡಲೇ ಇಲ್ರೀ. ನೀವು ಹೇಳಿದಲ್ಲೇ ಇಟ್ಟೆ."

"ಎಷ್ಟಾತು?"

"ಐದು. ಇನ್ನೊಂದು ಸುತ್ತು ಆಡೂಣೇನ್ರೀ?"

ನಾನು ಚಾರ್ಜರ್ ಹುಡುಕಿಕೊಂಡು ಬಂದು ಮತ್ತೆ ಕಟ್ಟೆಯ ಮೇಲೆ ಕೂತೆ. ಆಟದ ಬಾಣ ಎಡದಿಂದ ಬಲಕ್ಕೆ ತೋರಿಸುತ್ತಿತ್ತು, ಹನ್ನೆರಡು ಮೈಲಿ.