ಕಡುನೀಲಿಯ ಕಾಟ: ಟರ್ಮಿನಲ್ ರಸಿಕರಿಗೊಂದು ಕೈಪಿಡಿ

ನೊಯ್ಡಾ, ಗುರುಗ್ರಾಮದ ಆಫೀಸುಗಳಲ್ಲಿ ಟರ್ಮಿನಲ್ ತೆರೆದು ಕೂತ ಹುಡುಗರನ್ನು ನೋಡಿ. ಕಿಟಕಿಯಾಚೆ ಕಾಣುವಂಥ ಅರೆಪಾರದರ್ಶಕ ಹಿನ್ನೆಲೆ, ಅದರೊಳಗಿಂದ ಇಣುಕುವ ಹಿಮಾಲಯದ ವಾಲ್‌ಪೇಪರ್, ಮೇಲೆ ಗುಲಾಬಿ, ನೇರಳೆ, ಗಿಳಿಹಸಿರು. ಕೇಳಿದರೆ ‘ಡ್ರಾಕುಲಾ ಥೀಮ್ ಸರ್, ಎಲ್ಲಾರೂ ಇದನ್ನೇ ಹಾಕೋದು’ ಅನ್ನುತ್ತಾರೆ. ಮದುವೆ ಮನೆಯ ಸೀರಿಯಲ್ ಸೆಟ್ಟಿಗೂ ಇದಕ್ಕೂ ಏನು ವ್ಯತ್ಯಾಸ? ದಿನವಿಡೀ ಓದಬೇಕಾದ ಅಕ್ಷರವಿದು ಎಂಬುದೇ ಯಾರಿಗೂ ನೆನಪಿಲ್ಲ.

ಥೀಮ್ ಆರಿಸುವಾಗ ಮೊದಲು ನೀಲಿಯನ್ನು ಪರೀಕ್ಷಿಸಿ, ಮಿಕ್ಕ ಬಣ್ಣ ಆಮೇಲೆ. ಲಿನಕ್ಸ್‌ನಲ್ಲಿ ಎಲ್‌ಎಸ್ ಕಮಾಂಡ್ ಕೊಟ್ಟರೆ ಫೋಲ್ಡರುಗಳ ಹೆಸರು ಸಾಮಾನ್ಯವಾಗಿ ನೀಲಿಯಲ್ಲೇ ಬರುತ್ತದೆ. ಅದನ್ನು ಓದಲು ನೀವು ಮುಂದಕ್ಕೆ ಬಾಗಿದಿರಾದರೆ ಆ ಥೀಮ್ ಅಳಿಸಿಹಾಕಿ.

ತಪ್ಪು ನಿಮ್ಮ ಕನ್ನಡಕದ್ದಲ್ಲ. ನಮ್ಮ ಅಕ್ಷಿಪಟಲದ ಶಂಕುಕೋಶಗಳಲ್ಲಿ ನೀಲಿಗೆ ಸ್ಪಂದಿಸುವವು ಹತ್ತರಲ್ಲೊಂದು ಪಾಲೂ ಇಲ್ಲ. ಅತಿ ಸೂಕ್ಷ್ಮವಾಗಿ ಕಾಣುವ ನಡುಬಿಂದುವಿನಲ್ಲಂತೂ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಸಾಲದ್ದಕ್ಕೆ ನೀಲಿ ಕಿರಣ ಕೆಂಪಿಗಿಂತ ಮೊದಲೇ ಫೋಕಸ್ ಆಗಿಬಿಡುವುದರಿಂದ ಅಕ್ಷರದ ಅಂಚು ಕದಡುತ್ತದೆ. ಪರದೆಯ ಶುದ್ಧ ನೀಲಿಯ ಹೊಳಪು ಬಿಳಿಯ ಸುಮಾರು 7% ಮಾತ್ರ. ಹಳೆಯ ವಿಜಿಎ ಕಡುನೀಲಿಗೆ ಕಪ್ಪಿನೆದುರು ದಕ್ಕುವ ಕಾಂಟ್ರಾಸ್ಟ್ ಅನುಪಾತ ಸುಮಾರು 1.6, ವೆಬ್‌ಪುಟದ ಸಾಮಾನ್ಯ ಅಕ್ಷರಕ್ಕೇ ಕನಿಷ್ಠ 4.5 ಬೇಕೆಂಬುದು ನಿಯಮ. ಮೈಕ್ರೋಸಾಫ್ಟಿನವರಿಗೆ ಇದು ಹೊಳೆದು ವಿಂಡೋಸ್ ಕನ್ಸೋಲಿನ ನೀಲಿ ತಿಳಿಯಾದದ್ದು 2017ರಲ್ಲಿ!

ನನಗೆ ಒಳ್ಳೆಯ ಬಣ್ಣದ ರುಚಿ ಹತ್ತಿಸಿದವರು ಧಾರವಾಡದ ಹಿರಿಯ ಸಹೋದ್ಯೋಗಿ. ನೊಯ್ಡಾದ ಸೆಕ್ಟರ್ 62, ಜೂನ್ ಮಧ್ಯಾಹ್ನ, ಪಶ್ಚಿಮಕ್ಕೆ ಪೂರಾ ಗಾಜಿನ ಗೋಡೆ. ನನ್ನ ಕಪ್ಪು ಪರದೆ ನೋಡಿ ಅವರೆಂದರು: ‘ಬಿಸಲಾಗ ಕನ್ನಡಿ ನೋಡ್ಕೋತ ಕುಂತೀಯೇನೋ ತಮ್ಮಾ?’ ಅವರ ಪರದೆ ಕೆನೆಬಣ್ಣದ್ದು: ಈಥನ್ ಶೂನೋವರ್ 2011ರಲ್ಲಿ ಬಿಡುಗಡೆ ಮಾಡಿದ ಸೊಲರೈಸ್ಡ್ ಥೀಮ್. ಎಂಟು ತಟಸ್ಥ ಛಾಯೆ, ಎಂಟು ಬಣ್ಣ. ಹೊಳಪನ್ನು ಕಣ್ಣಿನ ಗ್ರಹಿಕೆಗೆ ಹೊಂದುವ ‘ಲ್ಯಾಬ್’ (L*a*b*) ಬಣ್ಣದಳತೆಯಲ್ಲಿ ಲೆಕ್ಕಹಾಕಿದ್ದು. ಅದರ ನೀಲಿ ಕೆನೆಯ ಮೇಲೂ ಕಡುಹಿನ್ನೆಲೆಯ ಮೇಲೂ ಒಂದೇ, ಎರಡೂ ಕಡೆ ಕಾಣುತ್ತದೆ. ಆಹಾ, ಅದು ನೀಲಿ! ಆದರೂ ಭಕ್ತರಾಗಬೇಡಿ. ಅದರ ಕಡು ರೂಪದಲ್ಲಿ ಕಾಮೆಂಟುಗಳು ಮಂಕು. ‘ಬ್ರೈಟ್’ ಬಣ್ಣಗಳ ಬಹುಪಾಲು ಜಾಗವನ್ನು ಬೂದು ಛಾಯೆಗಳು ಆಕ್ರಮಿಸಿರುವುದರಿಂದ ಬ್ರೈಟ್ ಹಸಿರು ಕೇಳಿದ ಪ್ರೋಗ್ರಾಮಿಗೆ ಬೂದು ಸಿಗುತ್ತದೆ, ಬ್ರೈಟ್ ಕಪ್ಪು ಕೇಳಿದ್ದು ಹಿನ್ನೆಲೆಯಲ್ಲೇ ಮಾಯ.

ಕಪ್ಪು ಹಿನ್ನೆಲೆ ಕಣ್ಣಿಗೆ ತಂಪು ಅನ್ನುವುದು ಅರೆಸತ್ಯ. ಕಪ್ಪಿಗೆ ಪಾಪೆ ಹಿಗ್ಗುತ್ತದೆ, ಅಸ್ಟಿಗ್ಮ್ಯಾಟಿಸಂ ಇದ್ದವರಿಗೆ ಬಿಳಿ ಅಕ್ಷರದ ಸುತ್ತ ಬೆಳಕು ಹರಡುತ್ತದೆ. ತೀರ್ಮಾನಿಸಬೇಕಾದದ್ದು ಕೋಣೆಯ ಬೆಳಕು. ದೆಹಲಿಯ ಮೇ ಬಿಸಿಲಿಗೆ ಕೆನೆ. ಹಗಲೇ ದೀಪ ಹಾಕಬೇಕಾದ ಡಿಸೆಂಬರಿನ ಮಂಜಿಗೆ ಗ್ರೂವ್‌ಬಾಕ್ಸ್ ಥೀಮಿನಂಥ ಬೆಚ್ಚನೆಯ ಕಡುಬಣ್ಣ.

ಹಸಿರಕ್ಷರದವರ ಗೊಡವೆ ಬೇಡ, 1999ರ ಮ್ಯಾಟ್ರಿಕ್ಸ್ ಸಿನಿಮಾದ ಗುಂಗು ಅವರಿಗಿನ್ನೂ ಇಳಿದಿಲ್ಲ. ಗಿಟ್ ಡಿಫ್‌ನಲ್ಲಿ ಕೆಂಪು-ಹಸಿರು ಬೇರೆ ಕಾಣದ ಸಹೋದ್ಯೋಗಿ ಇದ್ದರೆ ಪ್ಲಸ್, ಮೈನಸ್ ಚಿಹ್ನೆ ಅಡಗಿಸಬೇಡಿ.

ಥೀಮನ್ನು ಸ್ಕ್ರೀನ್‌ಶಾಟ್ ನೋಡಿ ಆರಿಸಲೇಬೇಡಿ. ನಿಮ್ಮದೇ ಉದ್ದನೆಯ ಲಾಗ್ ಫೈಲು ತೆರೆದು ಮಧ್ಯಾಹ್ನ ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ ಓದಿ. ನೀಲಿಯೊಂದೇ ಕೈಕೊಟ್ಟರೆ ಟರ್ಮಿನಲ್ ಸೆಟ್ಟಿಂಗಿಗೆ ಹೋಗಿ ನಂಬರ್ 4ರ ಬಣ್ಣವನ್ನಷ್ಟೇ (ಎಣಿಕೆ ಸೊನ್ನೆಯಿಂದ) ತಿಳಿಮಾಡಿ.