ಐಗಳ ಮಠವೂ ಏಕರೂಪದ ಅಳತೆಗೋಲೂ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಅಶೋಕಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಮಾತಾಪಿತೃಗಳಿಗೆ ವಿಧೇಯತೆ, ಸತ್ಯನುಡಿ, ಶಿಷ್ಯನು ಆಚಾರ್ಯನಲ್ಲಿ ಇಡಬೇಕಾದ ಗೌರವ, ಇವು ಆ ಬಂಡೆಗಳ ಬೋಧೆ. ಕಲಿಕೆಯ ತಿರುಳನ್ನು ಅರಸನು ಹೇಳಿದನೇ ಹೊರತು ಅದರ ಪಠ್ಯವನ್ನು ಗೊತ್ತುಮಾಡಲಿಲ್ಲ.

ಧರ್ಮಪಾಲರ ‘ದಿ ಬ್ಯೂಟಿಫುಲ್ ಟ್ರೀ’ (1983) ಎಂಬ ಗ್ರಂಥವನ್ನು ಓದುವಾಗ ಈ ಭೇದ ನೆನಪಿನಲ್ಲಿರಬೇಕು. ಅದರಲ್ಲಿ ಅಚ್ಚಾಗಿರುವ ವರದಿಗಳಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ಬರೆದುದು ಕನ್ನಡಿಗರಿಗೆ ವಿಶೇಷ ಮಹತ್ವದ್ದು. ಮೊಳಕಾಲ್ಮೂರು, ಚಳ್ಳಕೆರೆಗಳು ಆಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದುದರಿಂದ ಆ ಲೆಕ್ಕದಲ್ಲಿ ಬರುವುದಿಲ್ಲ. ಆದರೂ ಗಡಿಯಾಚೆಯ ಆ ಕನ್ನಡ–ತೆಲುಗು ನಾಡು ಇಲ್ಲಿಯದಕ್ಕೆ ನೆರೆಯದು. ಜಿಲ್ಲೆಯಲ್ಲಿ 533 ಶಾಲೆಗಳು: ಕನ್ನಡದವು 235, ತೆಲುಗಿನವು 226. ಒಂದೇ ಜಿಲ್ಲೆಯಲ್ಲಿ ಮರಾಠಿ, ಪಾರಸಿ, ಸಂಸ್ಕೃತ, ತಮಿಳು ಶಾಲೆಗಳೂ ಇದ್ದವು. ಲಿಂಗವಂತರ ಮಕ್ಕಳು ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳನ್ನು ಓದುತ್ತಿದ್ದರು. ಕುಶಲಕರ್ಮಿಗಳ ಮಕ್ಕಳಿಗೆ ತಮ್ಮವೇ ಆದ ಗ್ರಂಥಗಳಿದ್ದವು. ಐಗಳ ಮಠದ ಪಠ್ಯವನ್ನು ಯಾವ ಇಲಾಖೆಯೂ ನಿರ್ಧರಿಸುತ್ತಿರಲಿಲ್ಲ.

ಧರ್ಮಪಾಲರ ಶ್ಲಾಘ್ಯ ಕಾರ್ಯವೆಂದರೆ ಮರೆತುಹೋದ ಈ ದಾಖಲೆಗಳನ್ನು ಒಟ್ಟುಗೂಡಿಸಿದ್ದು. ಆದರೆ ದಾಖಲೆ ಕೀರ್ತಿಯನ್ನು ಮಾತ್ರ ನುಡಿಯುವುದಿಲ್ಲ. ಒಂಬತ್ತು ಲಕ್ಷಕ್ಕೂ ಮಿಕ್ಕ ಜನರಲ್ಲಿ ಕಲಿಯುವವರು 6,641; ಅವರಲ್ಲಿ ಬಾಲಕಿಯರು ಕೇವಲ 60. ಅಕ್ಕಮಹಾದೇವಿಯ ನಾಡಿನಲ್ಲಿ ಈ ಅರುವತ್ತು ಎಂಬ ಅಂಕಿ ಓದುಗನನ್ನು ತಲೆತಗ್ಗಿಸುವಂತೆ ಮಾಡುತ್ತದೆ. ಇನ್ನೂ ಒಂದು ಮಾತು: ಪದ್ಯದ ಭಾಷೆ ಮಕ್ಕಳಿಗೆ ಅರ್ಥವಾಗದೆ ಪಾಠ ಗಿಳಿಯೋದಾಗುತ್ತದೆಂದು ಕ್ಯಾಂಬೆಲ್ ಆಕ್ಷೇಪಿಸುತ್ತಾನೆ. ಅವನ ಪಟ್ಟಿಯಲ್ಲಿ ಎದ್ದು ಕಾಣುವವು ಕಾವ್ಯಪುರಾಣಗಳೇ. ಆಡುಮಾತಿಗೆ ಹತ್ತಿರವಾದ ವಚನವಲ್ಲ. ತಿಳಿಗನ್ನಡದ ನಿಧಿ ಕೈಯಲ್ಲಿದ್ದೂ ಕಲಿಸುವವರು ಅದನ್ನು ಮಕ್ಕಳ ಮುಂದಿಡದಿದ್ದುದು ಪರಕೀಯರ ದೋಷವಲ್ಲ.

ಇಂದಿನ ವಿವಾದಕ್ಕೂ ಈ ವಿವೇಚನೆ ಸಲ್ಲುತ್ತದೆ. 2009ರ ಶಿಕ್ಷಣಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಹಕ್ಕನ್ನಿತ್ತಿತು; ಜೊತೆಗೆ ಕಟ್ಟಡ, ಕೊಠಡಿ, ಮಾನ್ಯತೆಗಳ ಒಂದೇ ಅಳತೆಯನ್ನು ಎಲ್ಲ ಶಾಲೆಗಳಿಗೂ ವಿಧಿಸಿತು. 2012ರ ತಿದ್ದುಪಡಿ ಮದರಸ, ವೇದಪಾಠಶಾಲೆ ಮೊದಲಾದ ಧಾರ್ಮಿಕ ಶಿಕ್ಷಣದ ಸಂಸ್ಥೆಗಳನ್ನು ಹೊರಗಿಟ್ಟಿತು. ಮತವಲ್ಲದೆ ಬೋಧನಕ್ರಮವೇ ಭಿನ್ನವಾಗಿದ್ದ ಸಣ್ಣ ಶಾಲೆಗಳಿಗೆ ಆ ರಿಯಾಯಿತಿ ದೊರೆಯಲಿಲ್ಲ. ಅಂಥ ಶಾಲೆಗಳ ಪಾಲಕರೂ ಶಿಕ್ಷಕರೂ ಎತ್ತಿದ ಆಕ್ಷೇಪ ನ್ಯಾಯವಾದುದು: ಕೊಠಡಿಯನ್ನು ಅಳೆಯುವ ಕೋಲು ಕಲಿಕೆಯನ್ನು ಅಳೆಯಲಾರದು.

ಅದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಸರಕಾರಿ ಶಾಲಾ ಶಿಕ್ಷಕರು ರಿಷಿವ್ಯಾಲಿಯ ಪ್ರಯೋಗದಿಂದ ಸ್ಫೂರ್ತಿಗೊಂಡು ರೂಪಿಸಿದ ‘ನಲಿಕಲಿ’ ಮಗುವನ್ನು ಅದರ ನಡಿಗೆಯಲ್ಲೇ ಕಲಿಯಬಿಟ್ಟಿತು. ಅನಂತರ ಅದು ರಾಜ್ಯವ್ಯಾಪಿ ವಿಧಿಯಾಯಿತು. ಶಿಕ್ಷಕರು ತಾವೇ ಕಂಡುಕೊಂಡುದು ಸುತ್ತೋಲೆಯಾಗಿ ಇಳಿದುಬಂದಾಗ ಅದರ ಚೈತನ್ಯವನ್ನು ಉಳಿಸಿಕೊಳ್ಳುವ ಹೊಣೆ ಮತ್ತೆ ಶಿಕ್ಷಕರದೇ. ಮನೆಯಲ್ಲಿ ತೆಲುಗಾಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳಿರುವ ಚಳ್ಳಕೆರೆ ಸೀಮೆಯಲ್ಲಿ ಆ ಸ್ವಾತಂತ್ರ್ಯ ಅಲಂಕಾರವಲ್ಲ, ಅಗತ್ಯ.

ಆದ್ದರಿಂದ ಧರ್ಮಪಾಲರ ಗ್ರಂಥವನ್ನು ಗತವೈಭವದ ಸ್ತೋತ್ರವೆಂದು ಓದಿದರೆ ನಷ್ಟ. ಪಠ್ಯ, ಬೋಧನಕ್ರಮಗಳಲ್ಲಿ ಐಗಳಿಗಿದ್ದ ಸ್ವಾತಂತ್ರ್ಯವನ್ನು ಅಲ್ಲಿಂದ ಪಡೆಯಬೇಕು. ಅರುವತ್ತು ಬಾಲಕಿಯರ ಲೆಕ್ಕವನ್ನು ತಿದ್ದುವ ಹಕ್ಕನ್ನು ಕಾಯಿದೆಯಿಂದ ಪಡೆಯಬೇಕು. ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ನಡೆನುಡಿಗಳು ಒಂದಾಗವು.