ಸೇಡಿನ ಬೇರು ಎಲ್ಲಿದೆ? ‘ಕನ್ನಡಿಗರ ಕರ್ಮಕಥೆ’ಯಲ್ಲಿ ಖಳನ ಪ್ರಶ್ನೆ

ಹರಿ ನಾರಾಯಣ ಆಪ್ಟೆಯವರು (1864–1919) ವಿಜಯನಗರದ ಪತನವನ್ನು ಕುರಿತು ಮರಾಠಿಯಲ್ಲಿ ಬರೆದ ಕಾದಂಬರಿಯ ಹೆಸರು ‘ವಜ್ರಾಘಾತ’. ಅದನ್ನು ಕನ್ನಡಕ್ಕೆ ರೂಪಾಂತರಿಸಿದ ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942), ತಮ್ಮ ಕೃತಿಗೆ ಇಟ್ಟ ಹೆಸರು ‘ಕನ್ನಡಿಗರ ಕರ್ಮಕಥೆ’. ಕಥಾವಸ್ತು ಒಂದೇ, ಆದರೆ ಶೀರ್ಷಿಕೆಗಳು ಸೂಚಿಸುವ ಕಾರಣಗಳು ಬೇರೆ. ವಜ್ರಾಘಾತವು ಮೇಲಿನಿಂದ ಬಂದೆರಗುವಂಥದು. ಪೆಟ್ಟು ತಿಂದವನನ್ನು ಅದಕ್ಕೆ ಹೊಣೆ ಮಾಡಲಾಗದು. ಕರ್ಮವಾದರೋ ಮಾಡಿದವನ ಕೈಯಿಂದಲೇ ಹುಟ್ಟಿ ಅವನನ್ನೇ ಹುಡುಕಿಕೊಂಡು ಬರುವಂಥದು. ಈ ಕಾದಂಬರಿಯಲ್ಲಿ ಖಳನು ಯಾರು ಎಂಬ ಪ್ರಶ್ನೆಗೆ ಉತ್ತರ ಈ ಎರಡು ಶೀರ್ಷಿಕೆಗಳ ನಡುವೆ ಎಲ್ಲೋ ಇದೆಯೆಂಬುದು ನನ್ನ ತಿಳಿವಳಿಕೆ.

ಸೊಲ್ಲಾಪುರ, ಅಕ್ಕಲಕೋಟೆಗಳ ಓದುಗರಿಗೆ ಈ ಪ್ರಶ್ನೆ ಕೇವಲ ಪಾಂಡಿತ್ಯದ್ದಲ್ಲ. ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುತ್ತ ಬೆಳೆದ ನಮ್ಮಲ್ಲಿ ಅನೇಕರು ಈ ಕಥೆಯನ್ನು ಎರಡೂ ಭಾಷೆಗಳಲ್ಲಿ ಬಲ್ಲೆವು. ನಾನು ಮೊದಲು ಓದಿದ್ದು ಮರಾಠಿಯಲ್ಲಿ. ಕನ್ನಡದ ಪ್ರತಿ ಕೈಗೆ ಬಂದದ್ದು ಅನೇಕ ವರ್ಷಗಳ ತರುವಾಯ. ಮೊದಲ ಓದಿನಲ್ಲಿ ನನಗೆ ಖಳನು ಯಾರೆಂಬ ಬಗ್ಗೆ ಯಾವ ಸಂದೇಹವೂ ಇರಲಿಲ್ಲ: ರಣಮಸ್ತಖಾನ. ಎರಡನೆಯ ಓದಿನಲ್ಲಿ ಆ ನಿಶ್ಚಯ ಉಳಿಯಲಿಲ್ಲ.

ಕಾದಂಬರಿಯ ಹಂದರ ಸರಳವಾದುದು. ರಾಮರಾಜನು ಮೆಹರ್ಜಾನಳೆಂಬ ಮುಸಲ್ಮಾನ ತರುಣಿಯನ್ನು ಪ್ರೀತಿಸಿ, ವಿಜಯನಗರದ ಹೊರವಲಯದ ಕುಂಜವನದಲ್ಲಿ ಗುಟ್ಟಾಗಿ ಇರಿಸಿಕೊಳ್ಳುತ್ತಾನೆ. ಅಧಿಕಾರದ ದಾರಿ ರಾಜಮನೆತನದ ಅಳಿಯತನದಲ್ಲಿದೆಯೆಂದು ಕಂಡಾಗ ಆ ಪ್ರೀತಿ ಅವನಿಗೆ ಭಾರವಾಗುತ್ತದೆ. ಕೊಟ್ಟ ಮಾತು ಮುರಿಯುತ್ತದೆ, ಮೆಹರ್ಜಾನ ದೂರವಾಗುತ್ತಾಳೆ. ಅವಳ ಮಗ ರಣಮಸ್ತಖಾನನು ತನ್ನ ತಂದೆ ಯಾರೆಂದು ಅರಿಯದೆ ಬೆಳೆದು, ವಿಜಾಪುರದ ಪಕ್ಷದವನಾಗಿ ಮರಳಿ ಅದೇ ವಿಜಯನಗರಕ್ಕೆ ಬರುತ್ತಾನೆ. ಮುಂದೆ ನಡೆಯುವುದೆಲ್ಲ ಆ ಮೊದಲ ವಚನಭಂಗದ ಬಡ್ಡಿ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಸೇಡಿನ ಕಥೆಯೊಂದರಲ್ಲಿ ಸೇಡಿನ ಕಾರಣವು ಸೇಡು ತೀರಿಸಿಕೊಳ್ಳುವವನಿಗೇ ಪೂರ್ಣವಾಗಿ ತಿಳಿದಿಲ್ಲ. ಎಮಿಲಿ ಬ್ರಾಂಟೆಯ ‘ವದರಿಂಗ್ ಹೈಟ್ಸ್’ (1847) ಕಾದಂಬರಿಯ ಹೀತ್‌ಕ್ಲಿಫ್‌ನನ್ನು ಇದರೊಡನೆ ಹೋಲಿಸಬಹುದು. ಬೀದಿಯಿಂದ ಮನೆಗೆ ತಂದ ಅನಾಥನು ಅವಮಾನ ಉಂಡು, ಪ್ರೀತಿಸಿದವಳನ್ನು ಕಳೆದುಕೊಂಡು, ಎರಡು ಮನೆತನಗಳನ್ನು ಅವುಗಳ ಆಸ್ತಿಸಹಿತ ನುಂಗಲು ಹೊರಡುತ್ತಾನೆ. ಅವನಿಗೆ ತನ್ನ ಗಾಯ ಯಾವುದೆಂದು ಚೆನ್ನಾಗಿ ಗೊತ್ತು. ಆದ್ದರಿಂದಲೇ ಕೊನೆಯಲ್ಲಿ, ಎಲ್ಲವೂ ಕೈಗೆ ಬಂದ ಮೇಲೆ, ನಾಶಮಾಡುವ ಬಯಕೆಯೇ ಅವನಲ್ಲಿ ಬತ್ತಿಹೋಗುತ್ತದೆ. ನಮ್ಮ ಪರಂಪರೆಯ ಕರ್ಣನಿಗೂ ಯುದ್ಧಕ್ಕೆ ಮುನ್ನ ಜನ್ಮರಹಸ್ಯ ತಿಳಿಯುತ್ತದೆ. ತಿಳಿದೂ ಅವನು ತನ್ನ ಪಕ್ಷವನ್ನು ಆರಿಸಿಕೊಳ್ಳುತ್ತಾನೆ. ಹೀತ್‌ಕ್ಲಿಫ್‌ನಿಗೆ ನಿಲ್ಲುವ ಅವಕಾಶವಿದೆ, ಕರ್ಣನಿಗೆ ಆಯ್ಕೆಯ ಘನತೆಯಿದೆ. ರಣಮಸ್ತಖಾನನಿಗೆ ಕಾದಂಬರಿಯ ಬಹುಭಾಗದಲ್ಲಿ ಇವೆರಡೂ ಇಲ್ಲ. ದೊಡ್ಡವರ ಮೌನವೇ ಅವನನ್ನು ಆಯುಧವನ್ನಾಗಿ ಮಾಡಿದೆ. ಆಯುಧವನ್ನು ಖಳನೆಂದು ಕರೆಯುವುದು ಹೇಗೆ?

ಇನ್ನು ಚರಿತ್ರೆಯ ಕಡೆಗೆ ತಿರುಗೋಣ. ಅದರ ಒಂದು ಮುಖ್ಯ ದಾರಿ ನಮ್ಮ ಊರಿನ ಕೋಟೆಯ ಮೂಲಕವೇ ಹಾದುಹೋಗುತ್ತದೆ. ಸಿದ್ಧೇಶ್ವರ ಕೆರೆಯ ಪಕ್ಕದ ಸೊಲ್ಲಾಪುರದ ಭುಯಿಕೋಟೆಯು ಅಹಮದನಗರದ ನಿಜಾಮಶಾಹಿಗೂ ವಿಜಾಪುರದ ಆದಿಲಶಾಹಿಗೂ ನಡುವೆ ದಶಕಗಳ ಕಾಲ ವಿವಾದದ ವಸ್ತುವಾಗಿತ್ತು. 1524ರ ಸುಮಾರಿಗೆ ವಿಜಾಪುರದ ರಾಜಕುಮಾರಿಯನ್ನು ಬುರ್ಹಾನ ನಿಜಾಮಶಾಹನಿಗೆ ಮದುವೆ ಮಾಡಿಕೊಟ್ಟಾಗ ಈ ಕೋಟೆ ಬಳುವಳಿಯ ಮಾತಿಗೆ ಬಂದಿತ್ತು. ಮಾತು ನಡೆಯಲಿಲ್ಲ, ಹಗೆ ಬೆಳೆಯಿತು. ಮುಂದೆ ಅಲಿ ಆದಿಲಶಾಹನು ಅಹಮದನಗರದ ವಿರುದ್ಧ ವಿಜಯನಗರದ ಅಳಿಯ ರಾಮರಾಯನ ನೆರವನ್ನೇ ಪಡೆದನು. ಕೊನೆಗೆ ಇಬ್ಬರು ಸುಲ್ತಾನರು ರಾಜಿಯಾದಾಗ ಹುಸೇನ ನಿಜಾಮಶಾಹನ ಮಗಳು ಚಾಂದಬೀಬಿ ವಿಜಾಪುರದ ಸೊಸೆಯಾದಳು. ಅವಳೊಡನೆ ಸೊಲ್ಲಾಪುರವೂ ಬಳುವಳಿಯಾಗಿ ಹೋಯಿತು. 1565ರ ಜನವರಿಯ ರಕ್ಕಸ-ತಂಗಡಿ ಯುದ್ಧಕ್ಕೆ ಸಿದ್ಧವಾದ ಕೂಟದ ಗಂಟು ಬಿಗಿದದ್ದು ಈ ಮದುವೆಯಿಂದ.

ಹೀಗೆ ಚರಿತ್ರೆಯಲ್ಲಿ ಕೋಟೆ, ಕಂದಾಯ, ಗಡಿ, ಮದುವೆಗಳ ವ್ಯವಹಾರವಾಗಿದ್ದುದು ಕಾದಂಬರಿಯಲ್ಲಿ ಒಬ್ಬ ಹೆಣ್ಣಿಗಾದ ಅನ್ಯಾಯದ ಫಲವಾಗಿ ಮಾರ್ಪಟ್ಟಿದೆ. ಇದನ್ನು ಬರಿಯ ಕಲ್ಪನೆಯ ಸ್ವಾತಂತ್ರ್ಯವೆಂದು ತಳ್ಳಿಹಾಕಲಾಗದು. ಫೆರಿಷ್ತಾನ ಬರವಣಿಗೆಯಲ್ಲಿ ಒಂದು ಪ್ರಸಂಗವಿದೆ: ರಾಮರಾಯನಿಗೆ ಪುತ್ರಶೋಕವಾದಾಗ ಅಲಿ ಆದಿಲಶಾಹನು ಸ್ವತಃ ವಿಜಯನಗರಕ್ಕೆ ಹೋಗಿ ಸಂತೈಸಿದನು, ರಾಮರಾಯನ ಪತ್ನಿ ಅವನನ್ನು ಮಗನೆಂದು ಸ್ವೀಕರಿಸಿದಳು, ಆದರೆ ಬೀಳ್ಕೊಡುವಾಗ ರಾಮರಾಯನು ತೋರಿದ ಉದಾಸೀನ ಅತಿಥಿಯ ಮನಸ್ಸಿನಲ್ಲಿ ಕಹಿಯಾಗಿ ಉಳಿಯಿತು. 1567ರಲ್ಲಿ ವಿಜಯನಗರಕ್ಕೆ ಬಂದ ವೆನಿಸ್ಸಿನ ಪ್ರವಾಸಿ ಸೀಸರ್ ಫ್ರೆಡರಿಕ್‌ನು, ರಾಮರಾಯನ ಪಕ್ಷದಲ್ಲಿದ್ದ ಇಬ್ಬರು ಮುಸಲ್ಮಾನ ಸೇನಾನಿಗಳು ರಣದಲ್ಲಿ ತಿರುಗಿ ನಿಂತರೆಂದು ಬರೆದಿದ್ದಾನೆ. ಅವಮಾನಿತನಾದ ಮಾನಸಪುತ್ರ ಒಂದೆಡೆ, ಒಳಗಿನವರ ದ್ರೋಹ ಇನ್ನೊಂದೆಡೆ. ಈ ಎರಡು ಎಳೆಗಳನ್ನು ಒಂದೇ ವ್ಯಕ್ತಿಯಲ್ಲಿ ಹೆಣೆದರೆ ದೊರೆಯುವವನು ರಣಮಸ್ತಖಾನನಂಥವನೇ. ಕಾದಂಬರಿಕಾರರು ಹೀಗೆಯೇ ಯೋಚಿಸಿದರೆಂದು ನಾನು ಹೇಳುತ್ತಿಲ್ಲ. ಪಾತ್ರದ ಒಳಗಿನ ತರ್ಕ ಚರಿತ್ರೆಗೆ ದೂರವಾದುದಲ್ಲ ಎಂಬುದಷ್ಟೇ ನನ್ನ ಮಾತು.

ಆದರೂ ಈ ಮಾರ್ಪಾಡಿಗೆ ಬೆಲೆ ತೆರಬೇಕಾಗಿದೆ. ರಾಮರಾಜನ ತಪ್ಪು ಕುಂಜವನದ ಏಕಾಂತದಲ್ಲಿ ನಡೆಯುತ್ತದೆ. ಅದರ ಪ್ರತೀಕಾರ ಸಾವಿರಾರು ಜನರ ಕಣ್ಣೆದುರು ರಣಭೂಮಿಯಲ್ಲಿ ನಡೆಯುತ್ತದೆ. ಏಕಾಂತದ ಅಪರಾಧವನ್ನು ಓದುಗ ಪ್ರಣಯಪ್ರಸಂಗವೆಂದು ಓದಿ ಮುಂದೆ ಸಾಗುತ್ತಾನೆ; ಬಹಿರಂಗದ ಪ್ರತೀಕಾರವನ್ನು ಮಾತ್ರ ನೆನಪಿನಲ್ಲಿ ಇಟ್ಟುಕೊಳ್ಳುತ್ತಾನೆ. ಅದರ ಮೇಲೆ, ಪ್ರತೀಕಾರ ಮಾಡುವವನ ಹೆಸರಿನ ಕೊನೆಗೆ ‘ಖಾನ’ ಎಂದಿದ್ದರೆ ಖಳನನ್ನು ಹುಡುಕುವ ಶ್ರಮವೂ ಓದುಗನಿಗೆ ಉಳಿಯುವುದಿಲ್ಲ. ನನ್ನ ಮೊದಲ ಓದಿನ ನಿಶ್ಚಯ ಬಂದದ್ದು ಇಲ್ಲಿಂದಲೇ ಎಂದು ಈಗ ಒಪ್ಪಿಕೊಳ್ಳಬೇಕು. ಆ ‘ಖಾನ’ನು ರಾಮರಾಜನ ಮಗನೇ ಎಂಬ ಮಾತನ್ನು ಕಾದಂಬರಿ ಮುಚ್ಚಿಟ್ಟಿಲ್ಲ; ನಾನೇ ಅದನ್ನು ಕಥೆಯ ತಿರುವೆಂದು ತಿಳಿದೆನೇ ಹೊರತು ಅದರ ನೈತಿಕ ಕೇಂದ್ರವೆಂದು ತಿಳಿಯಲಿಲ್ಲ.

ಮೆಹರ್ಜಾನ ಮತ್ತು ಚಾಂದಬೀಬಿಯರನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿದಾಗ ಇದು ಇನ್ನೂ ಸ್ಪಷ್ಟವಾಗುತ್ತದೆ. ಒಬ್ಬಳು ಕಲ್ಪಿತೆ, ಇನ್ನೊಬ್ಬಳು ಚಾರಿತ್ರಿಕಳು. ಒಬ್ಬಳನ್ನು ರಾಜಕಾರಣಕ್ಕಾಗಿ ಬಿಟ್ಟುಕೊಟ್ಟರು. ಇನ್ನೊಬ್ಬಳನ್ನು ರಾಜಕಾರಣಕ್ಕಾಗಿ ಒಂದು ಕೋಟೆಯ ಜೊತೆಗೆ ಕೊಟ್ಟರು. ರಾಮರಾಜನು ರಾಜಕುಮಾರಿಯನ್ನು ವರಿಸಿ ಏರಿದ ಮೆಟ್ಟಿಲೂ, ಸುಲ್ತಾನರು ಸಂಬಂಧ ಬೆಳೆಸಿ ಕಟ್ಟಿದ ಕೂಟವೂ ಒಂದೇ ಬಗೆಯ ವ್ಯವಹಾರದವು. ಖಳತನವು ಒಂದು ಮತಕ್ಕೋ ಒಂದು ದರಬಾರಿಗೋ ಸೇರಿದುದಲ್ಲ. ಮನುಷ್ಯರನ್ನು ಅಧಿಕಾರದ ನಾಣ್ಯವಾಗಿ ಬಳಸುವ ಪದ್ಧತಿಗೆ ಸೇರಿದುದು. ಕಾದಂಬರಿಯ ಅತ್ಯುತ್ತಮ ಪುಟಗಳು, ಅಂದರೆ ಕುಂಜವನದ ಭಾಗಗಳು, ಇದನ್ನು ಅರಿತಿವೆ.

ಹಾಗಾದರೆ ಗಳಗನಾಥರ ಶೀರ್ಷಿಕೆಯೇ ಹೆಚ್ಚು ನ್ಯಾಯವಾದುದೇ? ಅರ್ಧದಷ್ಟು ಮಾತ್ರ. ‘ಕರ್ಮ’ ಎಂಬ ಪದ ದೃಷ್ಟಿಯನ್ನು ಹೊರಗಿನ ಶತ್ರುವಿನಿಂದ ಒಳಗಿನ ತಪ್ಪಿನ ಕಡೆಗೆ ತಿರುಗಿಸುತ್ತದೆ. ಇದು ಅದರ ಹಿರಿಮೆ. ಆದರೆ ‘ಕನ್ನಡಿಗರ’ ಎಂಬ ಪದ ಒಬ್ಬ ಅಧಿಕಾರಸ್ಥನ ತಪ್ಪನ್ನು ಇಡೀ ಜನದ ಹೆಗಲಿಗೆ ಏರಿಸುತ್ತದೆ. ಮೆಹರ್ಜಾನಳಿಗೆ ಮಾತು ಕೊಟ್ಟು ಮುರಿದದ್ದು ನೇಕಾರರೂ ಅಲ್ಲ, ಒಕ್ಕಲಿಗರೂ ಅಲ್ಲ, ಪೇಟೆಯ ವರ್ತಕರೂ ಅಲ್ಲ. ಪಟ್ಟಣ ಹಾಳಾದಾಗ ಮನೆಮಾರು ಕಳೆದುಕೊಂಡವರು ಮಾತ್ರ ಅವರೇ. ಆಡುಮಾತಿನಲ್ಲಿ ನಾವು ‘ಕರ್ಮ’ವೆಂದಾಗ ಎರಡು ಅರ್ಥಗಳು ಕೂಡಿರುತ್ತವೆ: ಮಾಡಿದ್ದು, ಮತ್ತು ಮಾಡದೆಯೂ ಅನುಭವಿಸಬೇಕಾದದ್ದು. ಮೊದಲನೆಯದು ರಾಮರಾಜನದು, ಎರಡನೆಯದು ಕನ್ನಡಿಗರದು. ಶೀರ್ಷಿಕೆಯನ್ನು ಹೀಗೆ ಬಿಡಿಸಿ ಓದಿದರೆ ಅದು ಸತ್ಯಕ್ಕೆ ಹತ್ತಿರವಾಗುತ್ತದೆ.

ಗಡಿಸೀಮೆಯ ತರಗತಿಗಳಲ್ಲಿ, ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ, ಈ ಕಾದಂಬರಿಯನ್ನು ಕಲಿಸುವಾಗ ಕೊನೆಯ ಯುದ್ಧದಿಂದ ಆರಂಭಿಸುವ ರೂಢಿಯನ್ನು ಬಿಡುವುದು ಒಳಿತು. ಕುಂಜವನದಿಂದ ಆರಂಭಿಸಬೇಕು, ಅಲ್ಲಿ ಕೊಟ್ಟ ಮಾತು ಯಾವುದು, ಅದು ಮುರಿದದ್ದು ಯಾವ ಲಾಭಕ್ಕೆ ಎಂದು ಮೊದಲು ಕೇಳಬೇಕು. ಆ ಬಳಿಕ ವಿದ್ಯಾರ್ಥಿಗಳನ್ನು ಭುಯಿಕೋಟೆಯ ಗೋಡೆಯ ಬಳಿಗೆ ಕರೆದೊಯ್ದು, ಇದೇ ಕೋಟೆ ಒಮ್ಮೆ ಒಬ್ಬ ಮದುಮಗಳ ಬಳುವಳಿಯಾಗಿತ್ತೆಂದು ತಿಳಿಸಬೇಕು. ಖಳನು ಯಾರೆಂಬ ಪ್ರಶ್ನೆಯನ್ನು ಆಮೇಲೆ ಅವರೇ ಎತ್ತಲಿ. ಅವರ ಉತ್ತರ ನನ್ನ ಮೊದಲ ಓದಿನ ಉತ್ತರಕ್ಕಿಂತ ಎಚ್ಚರದ್ದಾಗಿರುತ್ತದೆಂದು ನನ್ನ ನಂಬಿಕೆ.